ಕುದ್ರುವಿಗೆ ಕನ್ನಡ ಪದ

ಮೂಡುಬಿದಿರೆಯಲ್ಲಿ ನಾನಿರುವ ಬೀದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಲಾರಿಯೊಂದು ಹಸಿ ಮರಳು ಸುರಿದು ಹೋದಾಗ, ಕಿಟಕಿಯಿಂದ ಒಳಬಂದ ವಾಸನೆಗೆ ಓದುತ್ತಿದ್ದುದನ್ನು ಕೆಳಗಿಟ್ಟೆ. ಕೆಸರು, ಕೊಳೆತ ಕೇದಗೆಯ ಎಲೆ, ತುಸು ಉಪ್ಪು. ನೇತ್ರಾವತಿಯ ನೀರಿಳಿದಾಗಿನ ವಾಸನೆ ಅದು. ಮೇಸ್ತ್ರಿ ಮರಳನ್ನು ಗಾಳಿಸಿ, ಜರಡಿಯಲ್ಲಿ ಉಳಿದ ಮರುವಾಯಿ ಎಂಬ ಕಪ್ಪೆಚಿಪ್ಪುಗಳನ್ನು ಚರಂಡಿಗೆ ಎಸೆಯುತ್ತಿದ್ದ. ನಾನು ಹುಟ್ಟಿ ಬೆಳೆದ ನೆಲವೂ ಹೀಗೆಯೇ ಲಾರಿಗಳಲ್ಲಿ ಊರೂರು ಸೇರಿತು.

ಬಂಟ್ವಾಳದಿಂದ ಕೆಳಗೆ, ಸಮುದ್ರದ ಭರತವು ನದಿಯುದ್ದಕ್ಕೂ ಏರಿ ಬಂದು ದಣಿದು ನಿಲ್ಲುವಲ್ಲಿ, ನಮ್ಮ ಕುದ್ರು ಇತ್ತು. ನದಿಯ ನಡುವಿನ ಪುಟ್ಟ ನೆಲಕ್ಕೆ ತುಳುವಿನಲ್ಲಿ ಹಾಗೆನ್ನುತ್ತಾರೆ. ಅಜ್ಜಿಯ ಹಿರಿಯರು ದಂಡೆಗೆ ಕೇದಗೆ ನೆಟ್ಟು, ಪ್ರತಿ ನೆರೆ ತಂದ ಮಣ್ಣನ್ನು ಅದರ ಬೇರುಗಳಲ್ಲಿ ಹಿಡಿದಿಟ್ಟು, ತಲೆಮಾರುಗಳ ಕಾಲ ಆ ನೆಲವನ್ನು ಬೆಳೆಸಿದ್ದರು. ಪೇಟೆಯಿಂದ ಸರಕು ಹೇರಿಕೊಂಡು ಹೊರಟ ದೋಣಿಗಳು ಇಳಿತಕ್ಕೆ ಕಾಯುತ್ತ ನಮ್ಮ ತೆಂಗಿನ ಮರಗಳಿಗೆ ಹಗ್ಗ ಬಿಗಿಯುತ್ತಿದ್ದವಂತೆ. ನನ್ನ ಕಾಲಕ್ಕೆ ಉಳಿದದ್ದು ಜನರನ್ನು ದಡ ದಾಟಿಸುವ ಹಸನಬ್ಬರ ಕಡವಿನ ದೋಣಿ ಮಾತ್ರ. ನೀರಿಳಿದಾಗ ಅಜ್ಜಿಯ ಹಿಂದೆ ಕೆಸರಿಗಿಳಿದು ಅಂಗಾಲಿನಿಂದಲೇ ಮರುವಾಯಿ ಹುಡುಕುತ್ತಿದ್ದೆವು. ದಂಡೆಯ ಬಿಲದಿಂದ ನೀರುನಾಯಿಗಳು ಮರಿಗಳೊಡನೆ ಹೊರಬಂದು, ನಮ್ಮನ್ನು ನೋಡಿ ಸಿಳ್ಳೆಯಂತೆ ಕೂಗಿ, ಮತ್ತೆ ಏಡಿ ಕಡಿಯಲು ತೊಡಗುತ್ತಿದ್ದವು. ಬೇಸಿಗೆಯಲ್ಲಿ ಅಜ್ಜಿ ದಿನವೂ ಬಾವಿಯ ನೀರನ್ನು ಬೆರಳಿನಿಂದ ನಾಲಿಗೆಗೆ ತಾಗಿಸುತ್ತಿದ್ದರು. "ಉಪ್ಪು ಬಂತು" ಎಂದರೆಂದರೆ, ಅಂದಿನಿಂದ ಕುಡಿಯುವ ನೀರು ಆಚೆ ದಡದಿಂದ ದೋಣಿಯಲ್ಲಿ ಬರಬೇಕು.

ನಾನು ಹೈಸ್ಕೂಲಿನಲ್ಲಿದ್ದಾಗ ನದಿಯ ಸರ್ವೆಗೆಂದು ಘಟ್ಟದ ಮೇಲಿನ ಅಧಿಕಾರಿಯೊಬ್ಬರು ಬಂದರು. ಜಗಲಿಯಲ್ಲಿ ಎಳನೀರು ಕುಡಿಯುತ್ತ, "ಈ ಜಾಗಕ್ಕೆ ಏನಂತೀರಿ?" ಎಂದು ಕೇಳಿದರು. ಅಜ್ಜಿಯ ಮಗನಾದ ನನ್ನ ಮಾವನಿಗೆ ತನ್ನ ಶಾಲೆಯ ಕನ್ನಡದ ಬಗ್ಗೆ ಬಹಳ ಹೆಮ್ಮೆ. ಅಧಿಕಾರಿಯ ಎದುರು ತುಳು ಪದ ಆಡುವುದು ಮರ್ಯಾದೆಯಲ್ಲವೆಂದು ತೋರಿರಬೇಕು. ತಡವರಿಸಿ, "ಇದೊಂದು ಮರಳಿನ ದಿಬ್ಬ, ಸರ್" ಎಂದರು.

ಅಧಿಕಾರಿಯನ್ನು ದಡಕ್ಕೆ ಬಿಟ್ಟು ಹಸನಬ್ಬ ಮರಳಿದ ಮೇಲೂ ಅಜ್ಜಿಯ ಸಿಟ್ಟು ಇಳಿದಿರಲಿಲ್ಲ.

"ಕುದ್ರು ಅಂತ ಹೇಳ್ಲಿಕ್ಕೆ ನಿನಗೆ ನಾಲಿಗೆ ಇಲ್ವಾ ಮಾರಾಯ?"

"ಅದು ತುಳು ಅಮ್ಮ. ಆಫೀಸಿನವರ ಹತ್ರ ಹಾಗೆ ಹೇಳ್ಲಿಕ್ಕಾಗ್ತದಾ?"

"ದಿಬ್ಬ ಆದರೆ ಒಳ್ಳೇದೇ ಆಯ್ತಲ್ಲ ಅಕ್ಕ," ಎಂದು ಹಸನಬ್ಬ ನಕ್ಕರು. "ನಾಳೆಯಿಂದ ನನ್ನ ದೋಣಿ ಬೇಡ. ಹತ್ತಿ ಇಳಿದರೆ ಆಯ್ತು!"

ಎಲ್ಲರೂ ನಕ್ಕೆವು. ಮರುವರ್ಷ ಮರಳಿನ ದಿಬ್ಬ ತೆರವಿಗೆ ಅನುಮತಿ ಸಿಕ್ಕಿತು.

ಮಾವ ಮಾಡಿದ್ದು ವಿನಯದ ತಪ್ಪು. ಉಳಿದವು ಹಾಗಲ್ಲ. ತಾನು ಕುಡಿದ ಎಳನೀರು ಯಾವ ಮರದ್ದೆಂದು ತಲೆಯೆತ್ತಿ ನೋಡದ ಆ ಅಧಿಕಾರಿಯದು ತಪ್ಪು. ದೋಣಿಗಳ ಸಂಚಾರಕ್ಕೆ ದಿಬ್ಬ ಅಡ್ಡಿಯೆಂದು ಬರೆದ ಕಚೇರಿಯದು ತಪ್ಪು. ಅಲ್ಲಿ ಸಂಚರಿಸುತ್ತಿದ್ದುದು ಹಸನಬ್ಬರ ದೋಣಿ ಒಂದೇ, ಮತ್ತು ಅದು ಬರುತ್ತಿದ್ದುದು ನಮ್ಮಲ್ಲಿಗೆ. ಕೈಯಿಂದ ತೆಗೆಯಬೇಕಾದ ಮರಳಿಗೆ ಯಂತ್ರ ಇಳಿಸಿದ ಗುತ್ತಿಗೆದಾರನದು, ಕಂಡೂ ಕಾಣದಂತೆ ಸೇತುವೆಯ ಮೇಲೆ ನಿಂತಿದ್ದ ಪೊಲೀಸರದು, ಎಲ್ಲಿಂದ ಬಂತೆಂದು ಕೇಳದೆ ಆ ಮರಳಿನಲ್ಲಿ ಗೋಡೆ ಎಬ್ಬಿಸಿದ ನಮ್ಮೆಲ್ಲ ಊರುಗಳದು ತಪ್ಪು. ನದಿಯ ತಳ ಬಗೆದಂತೆ ಮೊದಲು ಕೇದಗೆಯ ಸಾಲು ಜಾರಿತು. ಬಿಲ ಕುಸಿದ ಮೇಲೆ ನೀರುನಾಯಿಗಳನ್ನು ಯಾರೂ ಕಾಣಲಿಲ್ಲ. ಮರುವಾಯಿ ಇದ್ದ ಕೆಸರಿನಲ್ಲಿ ಕಾಲಿಗೆ ತಳವೇ ಸಿಗಲಿಲ್ಲ. ಬಾವಿಯ ಕಟ್ಟೆ ನದಿಗೆ ಬಿದ್ದ ಮಳೆಗಾಲದಲ್ಲಿ ಹಸನಬ್ಬ ನಮ್ಮ ಪಾತ್ರೆಪಡಗಗಳನ್ನು ದಾಟಿಸಿದರು. ಆ ದಿನ ಅವರು ತಮಾಷೆ ಮಾಡಲಿಲ್ಲ.

ನದಿಯಿಂದ ದೂರದ ವಾಮದಪದವಿನ ಬಾಡಿಗೆ ಮನೆಯಲ್ಲಿ ಅಜ್ಜಿ ಪ್ರತಿದಿನ ಕೊಡಪಾನದ ನೀರನ್ನು ನಾಲಿಗೆಗೆ ತಾಗಿಸುತ್ತಿದ್ದರು. "ಇನ್ನೂ ಬರಲಿಲ್ಲ" ಎನ್ನುತ್ತಿದ್ದರು. ಅದನ್ನು ನೋಡಲಾರದೆ ಮಾವ ಒಮ್ಮೆ ಕೊಡಪಾನಕ್ಕೆ ಚಿಟಿಕೆ ಉಪ್ಪು ಹಾಕಿದರು. ಅಜ್ಜಿ ರುಚಿ ನೋಡಿ, ಮಗನತ್ತ ತಿರುಗಿದರು.

"ಇದು ಅಂಗಡಿ ಉಪ್ಪು, ಮಾರಾಯ."

ಆ ಬೇಸಿಗೆ ಮುಗಿಯುವ ಮೊದಲೇ ಅಜ್ಜಿ ಹೋದರು. ಆಮೇಲೆ ಯಾರು ಊರು ಕೇಳಿದರೂ, ಎಂಥ ಅಧಿಕಾರಿಯೇ ಕೇಳಿದರೂ, ಮಾವ "ಕುದ್ರು" ಎಂದಷ್ಟೇ ಹೇಳುತ್ತಿದ್ದರು. "ಅದು ಎಲ್ಲಿ ಉಂಟು?" ಎಂದು ಕೇಳುವವರಿಗೆ ಹೇಳಲು ಅವರಲ್ಲಿ ಯಾವ ಭಾಷೆಯ ಪದವೂ ಇರಲಿಲ್ಲ.