ಚಿಕ್ಕಪ್ಪನ ಮೂರು ನಿಮಿಷ

ಮೊನ್ನೆ ಟಿವಿಯಲ್ಲಿ ಸಂಸತ್ತಿನ ಗದ್ದಲ ನೋಡುತ್ತಿದ್ದೆ. ಸಭಾಪತಿಗಳು ಸದನ ಮುಂದೂಡಿ ಎದ್ದರು ನೋಡಿ, ನಾನು ಕಿಸಕ್ಕನೆ ನಕ್ಕುಬಿಟ್ಟೆ. "ಏಮ್ಮಾ ಸಿರಿಕ್ಕಿರೆ?" ಎಂದಳು ಮಗಳು. ಈ ತಮಿಳರ ಊರಲ್ಲೇ ಬೆಳೆದವಳು, ನಗುವ ಕಾರಣವನ್ನೂ ತಮಿಳಿನಲ್ಲೇ ಕೇಳುತ್ತಾಳೆ. ನೀವೂ ಕೇಳುವ ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಚಿಕ್ಕಪ್ಪ ಇಲ್ಲಿ ವಕೀಲರಾಗಿದ್ದರು. ವಾದಕ್ಕಿಂತ ವಾಯಿದೆ ಕೇಳುವುದರಲ್ಲೇ ಅವರ ಕೈ ಪಳಗಿತ್ತು. ಕೆಮ್ಮು, ಷಡ್ಡಕನ ಮಗಳ ಮದುವೆ, ಕಳೆದುಹೋದ ಕನ್ನಡಕ, ಯಾವುದಾದರೂ ನೆಪ ಸಾಕು. ಅವರ ಕಕ್ಷಿದಾರಳಾದ ಪಲ್ಲಾವರಂ ಅಜ್ಜಿ, ಬಾಡಿಗೆಯವನಿಂದ ತನ್ನ ಮನೆ ಬಿಡಿಸಿಕೊಡಿ ಎಂದು ಒಂಬತ್ತು ವರ್ಷ ಅಲೆದಿದ್ದಳು, ಪಾಪ.

ಇಂಥವರನ್ನು, ಯಾವ ಪುಣ್ಯಾತ್ಮರ ಶಿಫಾರಸೋ ಏನೋ, ತೀರಿಕೊಂಡ ಸದಸ್ಯರೊಬ್ಬರ ಉಳಿದ ಏಳು ತಿಂಗಳಿಗೆ ದಿಲ್ಲಿಯ ಮೇಲ್ಮನೆಗೆ ನಾಮನಿರ್ದೇಶನ ಮಾಡಿಬಿಟ್ಟರು! ಬೀದಿಗೆಲ್ಲ ಮೈಸೂರು ಪಾಕು ಹಂಚಿದೆವು. ಒಂದಾದರೂ ಭಾಷಣ ಮಾಡಿಯೇ ಬರಬೇಕೆಂಬುದು ಚಿಕ್ಕಪ್ಪನ ಹಟ. ವಿಷಯ ಏನು ಗೊತ್ತೇ? ನ್ಯಾಯದಾನದಲ್ಲಿ ವಿಳಂಬ!

ಅವರ ಸರದಿ ಬಂದಾಗಲೆಲ್ಲ ಗದ್ದಲ, ಸದನ ಮುಂದಕ್ಕೆ. ಸಂಜೆ ಫೋನು: "ಇವತ್ತೂ ಆಗ್ಲಿಲ್ಲ ಕಣೇ. ಹನ್ನೆರಡು ಪುಟ ಬಾಯಿಪಾಠ ಮಾಡ್ಕೊಂಡು ಕೂತಿದ್ದೆ."

ಒಂದು ದಿನ ಚಿಕ್ಕಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡು, "ಈಗ ಗೊತ್ತಾಯ್ತಾ, ಆ ಅಜ್ಜಿ ಹೊಟ್ಟೆಯುರಿ?" ಎಂದರು.

ಅವಧಿಯ ಕೊನೆಯ ದಿನ ಅಂತೂ ಮೂರು ನಿಮಿಷ ಸಿಕ್ಕಿತು. ಅಡ್ಯಾರಿನ ಅವರ ಮನೆಯಲ್ಲಿ ಟಿವಿ ಮುಂದೆ ಉಸಿರು ಬಿಗಿಹಿಡಿದು ಕೂತೆವು. ಚಿಕ್ಕಪ್ಪ ಎದ್ದು, ತಲೆ ಬಾಗಿಸಿ, ಕೋರ್ಟಿನ ರೂಢಿಯಲ್ಲಿ "ಮೈ ಲಾರ್ಡ್" ಎಂದುಬಿಟ್ಟರು! ಸದನವೆಲ್ಲ ನಕ್ಕಿತು. ಅವರೂ ನಕ್ಕು, ಹನ್ನೆರಡು ಪುಟವನ್ನೂ ಮಡಚಿಟ್ಟರು. ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ನನ್ನ ಕಕ್ಷಿದಾರಳೊಬ್ಬಳು ಒಂಬತ್ತು ವರ್ಷದಿಂದ ಕಾಯುತ್ತಿದ್ದಾಳೆ. ಕೇಸು ಎಳೆದವನು ನಾನೇ. ಕಾಯುವುದೆಂದರೇನೆಂದು ಇಲ್ಲಿ ಕೂತು ಕಲಿತೆ. ಊರಿಗೆ ಹೋದವನೇ ವಾದ ಮುಗಿಸುತ್ತೇನೆ.

"ಅಯ್ಯೋ, ಇದ್ದಬದ್ದ ಮಾನಾನೂ ಕಳೆದ್ರಲ್ಲಾ!" ಎಂದು ಚಿಕ್ಕಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನನಗಂತೂ ಚಿಕ್ಕಪ್ಪನ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ.

ಹೇಳಿದಂತೆ ವಾದ ಮುಗಿಸಿದರು, ಗೆದ್ದರು. ಅಜ್ಜಿ ಹಾಲುಕ್ಕಿಸುವ ದಿನ ನಮ್ಮನ್ನೆಲ್ಲ ಕರೆದಳು. ಮಾಜಿ ಎಂಪಿಗಳು ನಾಚಿಕೆಯಿಂದ ಬಾಗಿಲಲ್ಲೇ ನಿಂತಾಗ ಕೈಹಿಡಿದು ಒಳಗೆಳೆದುಕೊಂಡು, ಮೊದಲ ಲೋಟ ಅವರಿಗೇ ಕೊಟ್ಟಳು.

ಚಿಕ್ಕಪ್ಪ ಈಗ ಅಣ್ಣಾ ನಗರದಲ್ಲಿ ತಮ್ಮ ಮಗಳ ಮನೆಯಲ್ಲಿದ್ದಾರೆ. ಇದನ್ನೆಲ್ಲ ನನ್ನ ಮಗಳಿಗೆ ಹೇಳುತ್ತಿದ್ದಂತೆ ನನಗೇ ಮುಖ ಬಿಸಿಯಾಯಿತು. ಬರುವ ಭಾನುವಾರ ಬರುತ್ತೇನೆ ಎಂದು ಅವರಿಗೆ ಎಷ್ಟು ಸಲ ಹೇಳಿದ್ದೆನೋ! ತಕ್ಷಣ ಫೋನು ಮಾಡಿ, "ಚಿಕ್ಕಪ್ಪ, ಈಗಲೇ ಹೊರಟೆ" ಎಂದೆ.

"ಬಾರೇ ತಾಯಿ," ಎಂದರು. "ಐದು ಭಾನುವಾರದಿಂದ ಇಸ್ತ್ರಿ ಅಂಗಿ ಹಾಕ್ಕೊಂಡೇ ಕೂತಿದೀನಿ."