ಮೂರನೇ ಗೇರ್

ಬನಶಂಕರಿಯ ಆ ಛತ್ರದಲ್ಲಿ ಶಂಭುಲಿಂಗಪ್ಪ ಸಾರಿನ ಬಕೆಟ್ ಹಿಡಿಯದೆ ನಡೆದದ್ದು ಅದೇ ಮೊದಲು. ಮಗಳು ರೇಖಾಳ ಮದುವೆ. ಇಸ್ತ್ರಿ ಮಾಡಿದ ಪಂಚೆಯುಟ್ಟು, ಪಂಕ್ತಿಗಳ ನಡುವೆ ಕೈಮುಗಿಯುತ್ತ, “ನಿಧಾನವಾಗಿ ಊಟ ಮಾಡಿ, ನಾಚ್ಕೋಬೇಡಿ” ಎನ್ನುತ್ತಿದ್ದ. ಜೀವಮಾನವೆಲ್ಲ ಕಂಡವರ ಮದುವೆಯಲ್ಲಿ ಬಡಿಸಿದವನಿಗೆ ಒಂದೇ ಆಸೆ: ಹೊಸಕೆರೆಹಳ್ಳಿಯಿಂದ ಬಂದ ತನ್ನವರು ಒಂದು ದಿನವಾದರೂ ಉಪಚಾರ ಮಾಡಿಸಿಕೊಂಡು ಉಣ್ಣಬೇಕು. ಅಡುಗೆ ಕಂಟ್ರಾಕ್ಟು ಅವನ ಧಣಿ ರವಿಕಿರಣನದೇ. ಬಡಿಸುವವರೂ ಜೊತೆಯಲ್ಲಿ ದುಡಿದವರೇ. ಇನ್ನೇನು ಚಿಂತೆ?

ಎಡಗಡೆ ಗಂಡಿನವರು, ಬಲಗಡೆ ಇವನವರು ಕೂತಿದ್ದರು. ಹೋಳಿಗೆ ಹೊರಬಂತು. “ಎಡಕ್ಕೆ ಫಸ್ಟ್ ಗೇರ್, ಬಲಕ್ಕೆ ಮೂರನೇ ಗೇರ್!” ಎಂದು ಬಡಿಸುವವರ ಮೇಸ್ತ್ರಿ ಬೋರಣ್ಣ ಕೂಗಿದ.

ಕೂತವರಿಗೆ ಏನು ತಿಳಿಯಬೇಕು? ಬಡಿಸುವವರದೇ ಒಂದು ಭಾಷೆ. ಸಾರಿಗೆ ನೀರು ಬೆರೆಸಿದರೆ ‘ಗಂಗಮ್ಮ ಬಂದ್ಲು’. ಫಸ್ಟ್ ಗೇರ್ ಎಂದರೆ ಎಲೆ ಎಲೆಗೂ ನಿಂತು, ಬೇಡವೆಂದರೂ ಒತ್ತಾಯ ಮಾಡಿ ಬಡಿಸುವುದು. ಮೂರನೇ ಗೇರ್ ಎಂದರೆ ಒಂದು ಹಾಕಿ ಓಡುವುದು. ಮುಖ ನೋಡಿದರೆ ಇನ್ನೊಂದು ಕೇಳುತ್ತಾರಲ್ಲ! ಡ್ರೈವರುಗಳು, ವಾದ್ಯದವರು, ಮನೆಕೆಲಸದವರು ಕೂತ ಸಾಲಿಗೆ ಅದು. ಎಂಥ ಮರ್ಯಾದಸ್ಥರ ಮದುವೆಯಲ್ಲೂ ಅಂಥದೊಂದು ಸಾಲು ಇದ್ದೇ ಇರುತ್ತದೆ.

ಶಂಭುಲಿಂಗಪ್ಪನ ಅಕ್ಕ ಸಿದ್ದಮ್ಮ ತುಪ್ಪಕ್ಕೆಂದು ಕೈಯೆತ್ತುವಷ್ಟರಲ್ಲಿ ತುಪ್ಪ ದಾಟಿಹೋಗಿತ್ತು. ಅದನ್ನು ಕಂಡವನೇ ಅಡುಗೆಮನೆಗೆ ನುಗ್ಗಿದ.

“ಏನ್ ಸಾರ್ ಇದು, ನಮ್ಮೋರ್ಗೆ ಮೂರನೇ ಗೇರಾ?”

ರವಿಕಿರಣ ಅವನ ಹೆಗಲ ಮೇಲೆ ಕೈಹಾಕಿದ. “ಮೆಲ್ಲಗೆ ಮಾತಾಡೋ. ಜನ ಜಾಸ್ತಿ ಆದ್ರು, ಹೋಳಿಗೆ ಸಾಲಲ್ಲ. ಗಂಡಿನೋರಿಗೆ ಕಮ್ಮಿ ಆದ್ರೆ ನಾಳೆ ನಿನ್ ಮಗಳು ಮಾತು ಕೇಳ್ಬೇಕು. ನಿಮ್ಮೋರು ಏನೂ ಅನ್ಕೊಳಲ್ಲ ಬಿಡು. ನಿನ್ ಮರ್ಯಾದೆನೇ ಉಳಿಸ್ದೆ ಕಣೋ.”

ಧಣಿಗಳ ಮಾತೇ ಹಾಗೆ. ಕುತ್ತಿಗೆ ಕೊಯ್ದರೂ ಉಪಕಾರ ಮಾಡಿದ ಹಾಗಿರುತ್ತದೆ. ಆದರೆ ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಸಂಕಟ. ಹೊರಗೆ ಹುಡುಗನ ಸೋದರಮಾವ “ಹೋಳಿಗೆ ಎಲ್ಲ್ರೀ?” ಎಂದು ಗದರುತ್ತಿದ್ದ. ಶಂಭುಲಿಂಗಪ್ಪ ಪಂಚೆ ಎತ್ತಿ ಕಟ್ಟಿ, ತಾನೇ ಹೋಳಿಗೆ ತಟ್ಟೆ ಹಿಡಿದು ಎಡಗಡೆಗೆ ಹೊರಟ.

“ಇನ್ನೊಂದು ಹಾಕ್ಸ್ಕೊಳಿ ಯಜಮಾನ್ರೆ, ನಮ್ಮ ಸಂತೋಷಕ್ಕೆ.”

“ಶಂಭೂ, ಇಲ್ಲೂ ಒಂದ್ ಹಾಕಪ್ಪ,” ಸಿದ್ದಮ್ಮ ಬಲಗಡೆಯಿಂದ ಕರೆದಳು.

“ಈಗ್ ತಂದೆ, ಇರಕ್ಕ” ಎಂದವನು ಉಳಿದದ್ದನ್ನೂ ಸೋದರಮಾವನ ಎಲೆಗೆ ಹಾಕಿದ.

ಸಿದ್ದಮ್ಮ ಮಜ್ಜಿಗೆ ಬರುವವರೆಗೂ ಎಲೆಯ ಮೇಲೆ ಜಾಗ ಬಿಟ್ಟುಕೊಂಡು ಕಾದಳು.