ಅಕ್ಕನ ಕೈಯ ವಿಡಿಯೊ

ನನ್ನ ಅಕ್ಕನ ಬಲಗೈ ಕಿರುಬೆರಳು ಸೊಟ್ಟ. ಚಿಕ್ಕವಳಿದ್ದಾಗ ಬಾವಿಯಲ್ಲಿ ನೀರು ಸೇದುವ ಗಡಗಡಿಗೆ ಸಿಕ್ಕು ಮುರಿದದ್ದು ಹಾಗೇ ಕೂಡಿಕೊಂಡಿತ್ತು. ತಿಕೋಟಾದ ತೋಟದಲ್ಲಿ ಅವಳು ಒಣದ್ರಾಕ್ಷಿ ಮಾಡುತ್ತಾಳೆ. ನಗರದ ಜೋರಾಪುರ ಪೇಟೆಯ ಮನೆಯಲ್ಲಿ ನಾನು ಅದನ್ನು ಪಾಕೀಟು ಮಾಡಿ, ದೇಶಕ್ಕೆಲ್ಲ ಸಾಮಾನು ಕಳಿಸುವ ಒಂದು ದೊಡ್ಡ ಆನ್‌ಲೈನ್ ಕಂಪನಿಯ ಮೂಲಕ ಮಾರುತ್ತಿದ್ದೆ. ಅಲ್ಲಿ ನಾನು ಹಾಕಿದ್ದು ಒಂದೇ ಫೋಟೊ: ಅಕ್ಕನ ಅಂಗೈ, ಅದರ ತುಂಬ ಒಣದ್ರಾಕ್ಷಿ.

ಹೋದ ವರ್ಷ ದೀಪಾವಳಿಗೆ ಮುಂಚೆ ಆರ್ಡರುಗಳು ಒಮ್ಮೆಲೇ ನಿಂತವು. ಕಂಪನಿಯ ಪಟ್ಟಿಯಲ್ಲಿ ಹುಡುಕಿದರೆ ನಮ್ಮ ಸರಕು ಎಲ್ಲೋ ತಳಕ್ಕೆ ಹೋಗಿತ್ತು. ಎಲ್ಲಕ್ಕಿಂತ ಮೇಲೆ ಆ ಕಂಪನಿಯದೇ ಹೊಸ ಒಣದ್ರಾಕ್ಷಿ. ಅದಕ್ಕೆ ಫೋಟೊ ಇರಲಿಲ್ಲ, ವಿಡಿಯೊ ಇತ್ತು. ಅದರಲ್ಲಿ ಅಕ್ಕನ ಕೈ ಅಲುಗಾಡುತ್ತಿತ್ತು.

ನಾವು ಎಂದೂ ವಿಡಿಯೊ ತೆಗೆದಿರಲಿಲ್ಲ. ನಾನು ಹಾಕಿದ್ದ ಫೋಟೊವನ್ನೇ ಕಂಪ್ಯೂಟರಿನಿಂದ ಅಲುಗಾಡುವಂತೆ ಮಾಡಿದ್ದಿರಬೇಕು.

ಮರುದಿನ ಬಸ್ಸು ಹಿಡಿದು ತಿಕೋಟಾಕ್ಕೆ ಹೋದೆ. ಒಣಗಿಸುವ ಶೆಡ್ಡು ಆಗ ಖಾಲಿ. ಅದರ ಹಸಿರು ಪರದೆಯ ನೆರಳಲ್ಲಿ ಕುಳಿತು ಅಕ್ಕ ನನ್ನ ಫೋನು ನೋಡಿದಳು. ವಿಡಿಯೊದಲ್ಲಿ ಕೈ ನಿಧಾನವಾಗಿ ಮುಚ್ಚಿತು, ತೆರೆಯಿತು. ಬಳೆಗಳು ಸರಿದವು, ಸದ್ದಾಗಲಿಲ್ಲ. ಆಮೇಲೆ ಸೊಟ್ಟ ಬೆರಳು ತಾನೇ ನೆಟ್ಟಗಾಯಿತು.

"ಇದು ನನ್ನ ಕೈ ಐತಿ," ಅಂದಳು ಅಕ್ಕ. ಫೋನು ವಾಪಸ್ಸು ಕೊಟ್ಟು, "ಆದ್ರ ಇದ್ರಾಗ ನಾ ಇಲ್ಲ ಬೇ" ಎಂದಳು. ತನ್ನ ಕಿರುಬೆರಳನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಕಂಪನಿಗೆ ಫೋನು ಮಾಡಿದಾಗಲೆಲ್ಲ ಒಂದೇ ಹೆಣ್ಣುದನಿ. ಮನುಷ್ಯರದ್ದಲ್ಲ, ಯಂತ್ರದ್ದು. ನನ್ನ ಹೆಸರು ಹಿಡಿದು ಕರೆದು, ಸಮಾಧಾನ ಹೇಳಿ, ಕಟ್ಟಾಗುತ್ತಿತ್ತು. ಅಲ್ಲೇ ಮಾರುವ ಬೇರೆಯವರನ್ನು ವಿಚಾರಿಸುತ್ತ ಹೋದಾಗ ಬಬಲೇಶ್ವರದ ಬೆಲ್ಲದ ವ್ಯಾಪಾರಿಯೊಬ್ಬರು ಸಿಕ್ಕರು. ಅವರ ಬೆಲ್ಲ ಚೆನ್ನಾಗಿ ಹೋಗುತ್ತದೆಂದು ಕಂಡ ಕೂಡಲೇ ಕಂಪನಿ ತನ್ನದೇ ಬೆಲ್ಲ ತಂದು, ಅವರನ್ನೂ ಕೆಳಗೆ ತಳ್ಳಿತ್ತು.

"ಸಂತಿನೂ ಅವರದ, ಸರಕೂ ಅವರದ ಆತ್ರಿ ಅಕ್ಕಾರ. ಇನ್ನ ನಾವ್ ಎಲ್ಲಿ ಕುಂದ್ರೂದು?" ಎಂದರು.

ಇಬ್ಬರೂ ಸೇರಿ ವಕೀಲರ ಮೂಲಕ, ವ್ಯಾಪಾರದ ಪೈಪೋಟಿ ನ್ಯಾಯವಾಗಿದೆಯೇ ಎಂದು ನೋಡುವ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟೆವು. ಮಾರುಕಟ್ಟೆ ನಡೆಸುವವರು ಅಲ್ಲಿನ ಮಾರಾಟಗಾರರ ವ್ಯಾಪಾರವನ್ನು ಬಗ್ಗಿ ನೋಡಿ, ಅದೇ ಸರಕನ್ನು ತಾವೇ ತಂದು ಎಲ್ಲರಿಗಿಂತ ಮೇಲಿಟ್ಟು ಮಾರಬಾರದು ಎಂಬುದು ನಮ್ಮ ವಾದ. ತನಿಖೆ ಶುರುವಾಗಿದೆ, ತೀರ್ಪು ಬಂದಿಲ್ಲ. ಸದ್ಯಕ್ಕೆ ಫೋನಿನಲ್ಲಿ ಕೇಳುವ ಹಳೆಯ ಗಿರಾಕಿಗಳಿಗಷ್ಟೇ ಕಳಿಸುತ್ತೇನೆ.

ದೂರು ಹೋದ ಕೆಲವೇ ದಿನಗಳಲ್ಲಿ ವಿಡಿಯೊ ಮಾಯವಾಯಿತು. ಆ ಸುದ್ದಿ ಹೇಳಲು ಅಕ್ಕನಿಗೆ ಫೋನು ಮಾಡಿದೆ. ಅವಳಿಗೆ ಸಂತೋಷವಾದಂತೆ ಅನಿಸಲಿಲ್ಲ.

"ಆ ಕೈ ತಗದು ಎಲ್ಲಿಟ್ಟಾರ?" ಎಂದು ಕೇಳಿದಳು.